ಪಯಸ್ವಿನಿಯ ಎರಡು ದಡ: ಕಾಸರಗೋಡಿನ ಏರಿಳಿತದಲ್ಲಿ ಸೈಕಲ್

ಪ್ರಶ್ನೆ: ನಾನು ಕುಂಬಳೆ ಸಮೀಪದವನು, ವಯಸ್ಸು ನಲವತ್ತೆರಡು. ಕಳೆದ ವರ್ಷ ಒಂದು ರೋಡ್ ಸೈಕಲ್ ಕೊಂಡೆ. ಕಾಸರಗೋಡಿನಿಂದ ಬೇಕಲದ ಕಡೆಗೆ ಕರಾವಳಿ ರಸ್ತೆಯಲ್ಲಿ ಅರುವತ್ತು ಕಿಲೋಮೀಟರ್ ಸಲೀಸಾಗಿ ತುಳಿಯುತ್ತೇನೆ. ಆದರೆ ಇತ್ತೀಚೆಗೆ ಮುಳ್ಳೇರಿಯಾಕ್ಕೆ ಹೋಗಿ ಬರುವಷ್ಟರಲ್ಲಿ ಕಾಲು ಸೋತುಹೋಯಿತು. ಹೊಳೆಯ ಬದಿಯಲ್ಲಿ, ಗುಡ್ಡಗಳ ನಡುವೆ ತುಳಿಯಬೇಕೆಂಬ ಆಸೆಯಿದೆ. ರಾಣಿಪುರದ ಬೆಟ್ಟಕ್ಕೆ ಹೋಗಬಹುದೇ? ಪಾಣತ್ತೂರಿನಿಂದ ಭಾಗಮಂಡಲಕ್ಕೆ? ಯಾವ ರಸ್ತೆ, ಯಾವ ಕಾಲ, ಸೈಕಲಿನಲ್ಲಿ ಏನಾದರೂ ಬದಲಿಸಬೇಕೇ?

ಉತ್ತರ: ಮುಳ್ಳೇರಿಯಾದಲ್ಲಿ ನಿಮ್ಮ ಕಾಲು ಸೋತದ್ದು ಅಭ್ಯಾಸ ಸಾಲದೆ ಅಲ್ಲ. ನೀವು ಕರಾವಳಿಯ ಲೆಕ್ಕವನ್ನು ಗುಡ್ಡೆಗೆ ಹೊತ್ತುಕೊಂಡು ಹೋಗಿದ್ದೀರಿ. ಬೇಕಲದ ದಾರಿಯಲ್ಲಿ ಕಿಲೋಮೀಟರ್ ಎಣಿಸಿದರೆ ಸಾಕು. ಕುಂಬಳೆಯಿಂದ ಸೀತಾಂಗೋಳಿ ದಾಟಿದ ಮೇಲೆ ಕಿಲೋಮೀಟರಿಗೆ ಬೆಲೆಯಿಲ್ಲ, ಎಷ್ಟು ತೋಡು, ಅಂದರೆ ಸಣ್ಣ ಹಳ್ಳ, ದಾಟಿದಿರಿ ಎಂಬುದೇ ಲೆಕ್ಕ.

ನಮ್ಮ ಜಿಲ್ಲೆಯ ಒಳನಾಡು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ದೇಶ. ಮೇಲೆ ಚಪ್ಪಟೆಯಾದ ಪದವು, ಅಂದರೆ ಮುಳಿಹುಲ್ಲು ಬೆಳೆಯುವ ಬಂಡೆಬಯಲು, ಪಾರೆ. ಆ ಕಲ್ಲನ್ನು ಸೀಳಿಕೊಂಡು ತೋಡುಗಳು ಇಳಿದಿವೆ. ತೋಡಿನ ಎರಡೂ ಬದಿಗೆ ಅಡಿಕೆ ತೋಟ, ಅಲ್ಲಲ್ಲಿ ಉಳಿದ ಗದ್ದೆ ಬಯಲು. ರಸ್ತೆಗಳು ಹೊಳೆಯ ಜೊತೆಗೆ ಹೋಗುವುದು ಕಡಿಮೆ, ಈ ತೋಡುಗಳನ್ನು ಅಡ್ಡಕ್ಕೆ ಕತ್ತರಿಸುತ್ತಾ ಹೋಗುವುದೇ ಹೆಚ್ಚು. ಪದವಿನಿಂದ ಸರ್ರನೆ ಇಳಿದು, ಸಣ್ಣ ಸೇತುವೆ ದಾಟಿ, ಮತ್ತೆ ಎದ್ದು ನಿಂತು ತುಳಿದು ಮುಂದಿನ ಪದವು. ಇಳಿಜಾರಿನಲ್ಲಿ ಸಿಕ್ಕಿದ ವೇಗ ಸೇತುವೆಯ ಬಳಿಯ ತಿರುವಿನಲ್ಲಿ ಬ್ರೇಕಿಗೆ ಖರ್ಚಾಗಿಬಿಡುತ್ತದೆ, ಏರಿಗೆ ಉಳಿಯುವುದಿಲ್ಲ. ಸುಳ್ಯ ಪೇಟೆ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ನೂರು ಮೀಟರ್ ಎತ್ತರದಲ್ಲಿದೆ, ಅಷ್ಟೇ. ಆದರೆ ಕಾಸರಗೋಡಿನಿಂದ ಅಲ್ಲಿಗೆ ತಲುಪುವಾಗ ನೀವು ಅದರ ಹಲವು ಪಟ್ಟು ಏರಿರುತ್ತೀರಿ, ಏರಿದ್ದನ್ನು ಇಳಿದು ಕಳೆದುಕೊಂಡಿರುತ್ತೀರಿ. ಆದ್ದರಿಂದ ನನ್ನ ಮೊದಲ ಮಾತು: ರಾಣಿಪುರವನ್ನು ಸದ್ಯಕ್ಕೆ ಮರೆತುಬಿಡಿ. ನಮ್ಮ ಕಡೆಯ ಸವಾರರನ್ನು ಸೋಲಿಸುವುದು ಬೆಟ್ಟವಲ್ಲ, ಈ ಮರಿ ಏರುಗಳು. ಅವನ್ನು ಕಲಿತವರಿಗೆ ಬೆಟ್ಟ ಆಮೇಲೆ ತಾನಾಗಿ ಒಲಿಯುತ್ತದೆ.

ನೀವು ಕುಂಬಳೆಯವರಾದ್ದರಿಂದ ಶಿರಿಯಾ ಹೊಳೆಯ ಕಣಿವೆಯಿಂದ ಆರಂಭಿಸಿ. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಟು ಅನಂತಪುರದ ಕೆರೆ ದೇವಸ್ಥಾನದ ಪದವು ಹತ್ತಿ, ಸೀತಾಂಗೋಳಿ, ನೀರ್ಚಾಲು ದಾಟಿ ಬದಿಯಡ್ಕ ಸೇರಿ. ಅನಂತಪುರದಲ್ಲಿ ಕೆರೆಯ ಮೊಸಳೆ ಬಬಿಯಾ 2022ರಲ್ಲಿ ತೀರಿಕೊಂಡ ಮೇಲೂ ನೋಡಲು ಬರುವವರು ಕಡಿಮೆಯಾಗಿಲ್ಲ. ಬೆಳಗಿನ ಹೊತ್ತಿನಲ್ಲಿ ಆ ಪಾರೆ ಮಾತ್ರ ಖಾಲಿ. ಬದಿಯಡ್ಕ ಬಂದಾಗ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಊರಿಗೆ ಬಂದಿದ್ದೀರಿ ಎಂಬುದು ನೆನಪಿರಲಿ. ಅಲ್ಲಿ ಕಲ್ಲಡ್ಕ ರಸ್ತೆ ಹಿಡಿದು ಪೆರ್ಲದ ಕಡೆಗೆ ತಿರುಗಿ. ದಾರಿಯಲ್ಲಿ ಏಳ್ಕಾನದ ಸುತ್ತುಮುತ್ತ ಒಳಗೆ ಇಳಿದರೆ ಶಿರಿಯಾ ಹೊಳೆಗೆ ಕೃಷಿಕರೇ ಕಟ್ಟುವ ಕಟ್ಟಗಳನ್ನು ನೋಡಬಹುದು. ಮಳೆ ನಿಂತು ಹರಿವು ಇಳಿದ ಮೇಲೆ ಕಲ್ಲು, ಮಣ್ಣುಗಳಿಂದ ಕಟ್ಟಿ, ಬೇಸಗೆಯಿಡೀ ತೋಟಕ್ಕೆ ನೀರು ನಿಲ್ಲಿಸುವ ಕ್ರಮ ಅದು. ಮುಂದಿನ ಮಳೆಗಾಲಕ್ಕೆ ಹೊಳೆಯೇ ಅದನ್ನು ಒಡೆದುಕೊಂಡು ಹೋಗುತ್ತದೆ. ಡಿಸೆಂಬರಿನಲ್ಲಿ ಹೋದರೆ ಕಟ್ಟದ ಹಿಂದೆ ತುಂಬಿ ನಿಂತ ಹೊಳೆ ಸಿಗುತ್ತದೆ. ಸೈಕಲನ್ನು ಅಡಿಕೆ ಮರಕ್ಕೆ ಒರಗಿಸಿ ಕಾಲು ಇಳಿಬಿಡಲು ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ತೋಟದೊಳಗೆ ಹೋಗುವ ಮುನ್ನ ಮನೆಯವರನ್ನು ಕೇಳಿ. ಯಾರೂ ಬೇಡವೆನ್ನುವುದಿಲ್ಲ, ಕೇಳದೆ ಹೋದರೆ ಮಾತ್ರ ನಾಯಿ ಕೇಳುತ್ತದೆ.

ಪೆರ್ಲದಿಂದ ಬಂದ ದಾರಿಯಲ್ಲೇ ಮರಳಬೇಡಿ. ನಂದಾರಪದವಿನಿಂದ ಆರಂಭವಾಗಿ ಕೇರಳದ ಉದ್ದಕ್ಕೂ ಹೋಗುವ ಮಲೆನಾಡು ಹೆದ್ದಾರಿ ಈ ಭಾಗದಲ್ಲಿ ಹಾದುಹೋಗುತ್ತದೆ. ಅದನ್ನು ಹಿಡಿದು ಚೇವಾರು, ಪೈವಳಿಕೆಯ ಕಡೆಗೆ ಹೋದರೆ ಅಗಲವಾದ, ನುಣುಪಾದ ಡಾಮರು ಸಿಗುತ್ತದೆ, ತೆಳು ಟಯರಿನವರಿಗೆ ಹಬ್ಬ. ಆದರೆ ಒಂದು ಎಚ್ಚರ: ರಸ್ತೆ ನುಣುಪಾದಷ್ಟು ಏರು ಚಿಕ್ಕದಾಗಿ ಕಾಣುತ್ತದೆ. ಈ ಹೆದ್ದಾರಿಯ ಕೆಲವು ಏರುಗಳನ್ನು ವಾಹನಗಳಿಗೆಂದು ನೇರ ಮಾಡಿದ್ದಾರೆ. ಹಳೆಯ ಅಂಕುಡೊಂಕು ರಸ್ತೆಯಲ್ಲಿ ಸಿಗುತ್ತಿದ್ದ ಉಸಿರಾಟದ ಬಿಡುವು ಅಲ್ಲಿಲ್ಲ. ಧರ್ಮತ್ತಡ್ಕದ ಹತ್ತಿರ ಪೊಸಡಿ ಗುಂಪೆಗೆ ತಿರುಗಬಹುದು. ಗುಡ್ಡದ ನೆತ್ತಿಗೆ ಸೈಕಲ್ ಹೋಗುವುದಿಲ್ಲ, ಕೊನೆಯ ಹಾದಿ ಕಾಲ್ನಡಿಗೆ. ತಿಳಿ ಹವೆಯಿರುವ ದಿನ ಅಲ್ಲಿಂದ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟದ ಸಾಲು ಎರಡೂ ಕಾಣುತ್ತವೆ. ರೋಡ್ ಸೈಕಲಿನ ಶೂಗಳಲ್ಲಿ ಮುರಕಲ್ಲಿನ ಮೇಲೆ ನಡೆಯುವುದು ಹಲ್ಲು ಕಡಿಯುವ ಕೆಲಸ, ಚೀಲದಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಇರಲಿ.

ಈ ಸುತ್ತನ್ನು ಬಳಲದೆ ಮುಗಿಸುವ ದಿನ ಬಂದಾಗ ದೊಡ್ಡ ಹೊಳೆಗೆ ಬನ್ನಿ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮೂಲಕ ನಮ್ಮ ಜಿಲ್ಲೆಗೆ ಇಳಿದು, ಚಂದ್ರಗಿರಿಯಾಗಿ ಕಾಸರಗೋಡಿನ ದಕ್ಷಿಣಕ್ಕೆ ಕಡಲು ಸೇರುವ ಪಯಸ್ವಿನಿ ಜಿಲ್ಲೆಯ ಹನ್ನೆರಡು ಹೊಳೆಗಳಲ್ಲಿ ಅತ್ಯಂತ ಉದ್ದದ್ದು, ಸುಮಾರು 105 ಕಿಲೋಮೀಟರ್. ಅದರ ಉತ್ತರಕ್ಕೊಂದು, ದಕ್ಷಿಣಕ್ಕೊಂದು ರಸ್ತೆಯಿದೆ. ಉತ್ತರದ್ದು ಚೆರ್ಕಳ–ಜಾಲ್ಸೂರು ರಾಜ್ಯ ಹೆದ್ದಾರಿ. ದಕ್ಷಿಣದ್ದು ಸುಳ್ಯದಿಂದ ಆಲೆಟ್ಟಿ, ಬಂದಡ್ಕ, ಕುತ್ತಿಕೋಲು, ಕುಂಡಂಕುಳಿಯ ಮೂಲಕ ಪೊಯಿನಾಚಿಗೆ ಬರುವ ರಸ್ತೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಹೊಳೆಗೆ ಒಂದು ಪ್ರದಕ್ಷಿಣೆ. ಕಾಸರಗೋಡಿನಿಂದ ಕಾಸರಗೋಡಿಗೆ ನೂರು ಕಿಲೋಮೀಟರ್ ಖಂಡಿತ ದಾಟುತ್ತದೆ, ಒಟ್ಟು ಏರು ಸಾವಿರ ಮೀಟರನ್ನೂ ದಾಟುತ್ತದೆ. ನನ್ನ ಮಟ್ಟಿಗೆ ಗಡಿನಾಡಿನ ಅತ್ಯುತ್ತಮ ಸೈಕಲ್ ಹಾದಿ ಇದೇ. ರಾಣಿಪುರದ ಫೋಟೋಗಳು ಇದಕ್ಕಿಂತ ಚೆನ್ನಾಗಿರಬಹುದು, ಅದು ಬೇರೆ ಮಾತು.

ಉತ್ತರ ದಡದಿಂದಲೇ ಹೊರಡಿ. ಕಾರಣ ಎರಡು. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಹೊತ್ತೇರಿದಂತೆ ಬಸ್ಸು, ಲಾರಿಗಳು ಹೆಚ್ಚುತ್ತವೆ, ಬೆಳಿಗ್ಗೆ ಎಂಟಕ್ಕೆ ಮೊದಲು ಅದು ಸೈಕಲಿನವರದ್ದು. ಎರಡನೆಯದು ಗಾಳಿ. ಮಳೆಯಿಲ್ಲದ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಪಶ್ಚಿಮಕ್ಕೆ ಮರಳುವವರ ಮುಖಕ್ಕೇ ಬಡಿಯುತ್ತದೆ. ಅದರಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗದು. ಆದರೆ ದಕ್ಷಿಣದ ರಸ್ತೆಯಲ್ಲಿ ಮರಗಳು, ತಗ್ಗುಗಳು ಹೆಚ್ಚಾದ್ದರಿಂದ ಪೆಟ್ಟು ಕಡಿಮೆ.

ಚೆರ್ಕಳದಿಂದ ಬೋವಿಕ್ಕಾನದವರೆಗೆ ಬೇಗ ಸಾಗಿ. ಹಾದಿಯಲ್ಲಿ ಪೊವ್ವಲ್ ಕೋಟೆ ಇದೆ, ಇಕ್ಕೇರಿ ಅರಸರ ಕಾಲದ್ದು. ಬಿಸಿಲೇರುವ ಮುನ್ನ ಮೈಲಿ ಕಳೆಯುವುದು ಮುಖ್ಯವಾದ್ದರಿಂದ ಕೋಟೆಯನ್ನು ಇನ್ನೊಂದು ದಿನಕ್ಕೆ ಇಡಿ. ಬೋವಿಕ್ಕಾನ ದಾಟಿದ ಮೇಲೆ ಗೇರುತೋಪು, ಕಾಡು, ಪದವುಗಳ ಸರದಿ. ಮುಳಿಯಾರಿನ ಗೇರುತೋಟಗಳನ್ನು ನೋಡಿ ಏನು ಚಂದ ಎನ್ನುವವರಿಗೆ ಒಂದು ವಿಷಯ ಹೇಳಲೇಬೇಕಾಗುತ್ತದೆ: ಇಲ್ಲಿಂದ ಎಣ್ಮಕಜೆಯವರೆಗಿನ ಸರಕಾರಿ ಗೇರುತೋಟಗಳಿಗೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಿದ್ದರು. ಅದರ ಫಲ ಉಂಡ ಮನೆಗಳು ಈ ರಸ್ತೆಗಳ ಬದಿಯಲ್ಲೇ ಇವೆ. ಕ್ಯಾಮೆರಾ ಹಿಡಿದು ಅಂಗಳಕ್ಕೆ ನುಗ್ಗುವ ಪ್ರವಾಸಿಗರನ್ನು ಅವರು ಬೇಕಾದಷ್ಟು ಕಂಡಿದ್ದಾರೆ, ನೀವು ನೀರು ಕೇಳಿ ಕುಡಿದು ಮುಂದೆ ಹೋಗಿ.

ಕಾರಡ್ಕದ ಕಾಡಿನ ಭಾಗ ಈ ದಾರಿಯ ಚೆಲುವು, ಅಪಾಯವೂ ಅಲ್ಲೇ. ಕಾರಡ್ಕ, ಮುಳಿಯಾರು, ದೇಲಂಪಾಡಿ, ಕುತ್ತಿಕೋಲು ಪಂಚಾಯತುಗಳಲ್ಲಿ ಆನೆಗಳ ಓಡಾಟ ಹೊಸತಲ್ಲ. ಗಡಿಯಾಚೆಯ ಕಾಡಿನಿಂದ ಇಳಿದು ಬಾಳೆ, ಅಡಿಕೆ, ತೆಂಗು ಮುರಿದು ಹೋಗುತ್ತವೆ. ಸೋಲಾರ್ ಬೇಲಿ ಬಂದ ಮೇಲೂ ಅವು ದಾರಿ ಹುಡುಕುವುದನ್ನು ಬಿಟ್ಟಿಲ್ಲ. ಸೈಕಲ್ ಸದ್ದಿಲ್ಲದೆ ಹೋಗುವ ವಾಹನ. ತಿರುವಿನಲ್ಲಿ ಆನೆಗೆ ನೀವೂ, ನಿಮಗೆ ಆನೆಯೂ ಒಮ್ಮೆಲೇ ಎದುರಾಗುವ ಸಾಧ್ಯತೆ ಬೈಕಿನವರಿಗಿಂತ ನಿಮಗೇ ಹೆಚ್ಚು. ಆದ್ದರಿಂದ ಕಾಡಿನ ತುಂಡನ್ನು ಪೂರ್ತಿ ಬೆಳಕಾಗುವ ಮೊದಲು ಅಥವಾ ಸಂಜೆ ಐದರ ನಂತರ ದಾಟಬೇಡಿ. ರಸ್ತೆಯಲ್ಲಿ ಹೊಸ ಲದ್ದಿ ಅಥವಾ ಮುರಿದ ಈಚಲು, ಬಿದಿರು ಕಂಡರೆ ನಿಂತು, ಹಿಂದಿನಿಂದ ಬರುವ ಬಸ್ಸಿನ ಬೆನ್ನಿಗೆ ಹೋಗಿ. ಅಂಗಡಿಯವರು ಇವತ್ತು ಬೇಡ ಎಂದರೆ ಬೇಡ, ಅಷ್ಟೇ.

ಮುಳ್ಳೇರಿಯಾದಲ್ಲಿ ತಿಂಡಿ ಮುಗಿಸಿ. ಬನ್ಸ್ ಸಿಕ್ಕರೆ ಎರಡೇ ತಿನ್ನಿ, ಗೋಳಿಬಜೆಯನ್ನು ಮರಳುವ ದಾರಿಗೆ ಇಡಿ. ಹೆಚ್ಚು ಎಣ್ಣೆ ಹೊಟ್ಟೆಯಲ್ಲಿಟ್ಟುಕೊಂಡು ಏರು ಹತ್ತುವುದು ಶಿಕ್ಷೆ. ಆದೂರು ಕಳೆದ ಮೇಲೆ ಹೆದ್ದಾರಿ ಬಿಟ್ಟು ಅಡೂರಿಗೆ ಇಳಿಯುವುದನ್ನು ತಪ್ಪಿಸಬೇಡಿ. ಆದೂರು, ಅಡೂರು ಬೇರೆ ಬೇರೆ ಊರುಗಳು, ಮೊಬೈಲಿನ ನಕ್ಷೆಯಲ್ಲಿ ಹುಡುಕುವಾಗ ಹೊರಗಿನವರು ಎಡವುವುದು ಇಲ್ಲಿಯೇ. ಅಡೂರಿನ ಮಹಾಲಿಂಗೇಶ್ವರ ದೇವಸ್ಥಾನ ಪಯಸ್ವಿನಿಯ ದಡದಲ್ಲಿದೆ. ಹೆದ್ದಾರಿಯಿಂದ ಬಹುಪಾಲು ಕಣ್ಣಿಗೆ ಬೀಳದ ಹೊಳೆ ಅಲ್ಲಿ ಕೈಗೆಟುಕುತ್ತದೆ. ನೂರು ಕಿಲೋಮೀಟರ್ ಹೆಚ್ಚೆನಿಸಿದರೆ ಅಲ್ಲಿಂದಲೇ ಮರಳಬಹುದು. ಇನ್ನೊಂದು ದಾರಿಯೂ ಇದೆ: ಪಾಂಡಿ, ಪಳ್ಳಂಜಿಯ ಕಾಡು ದಾಟಿ ಪಡುಪ್ಪಿನ ಕಡೆಗೆ ಹೋಗಿ ದಕ್ಷಿಣದ ರಸ್ತೆ ಸೇರುವುದು. ಅಲ್ಲಿ ಜನವಸತಿ ವಿರಳ, ಮೊಬೈಲ್ ಸಂಪರ್ಕವನ್ನೂ ನೆಚ್ಚಿಕೊಳ್ಳುವಂತಿಲ್ಲ, ಒಬ್ಬರೇ ಹೋಗುವ ದಾರಿಯಲ್ಲ.

ಜಾಲ್ಸೂರಿನಿಂದ ಸುಳ್ಯಕ್ಕೆ ಮಾಣಿ–ಮೈಸೂರು ರಾಷ್ಟ್ರೀಯ ಹೆದ್ದಾರಿಯಲ್ಲೇ ಹೋಗಬೇಕು. ಇಡೀ ಸುತ್ತಿನಲ್ಲಿ ನನಗೆ ಇಷ್ಟವಿಲ್ಲದ ತುಂಡು ಅದೊಂದೇ. ಕೆಂಪು ಹಿಂದೀಪ ಹಗಲಿನಲ್ಲೂ ಮಿನುಗುತ್ತಿರಲಿ, ಬಿಳಿ ಗೆರೆಯ ಮೇಲೆ ನೇರ ತುಳಿದು ಮುಗಿಸಿ. ಸುಳ್ಯದಲ್ಲಿ ಊಟ. ಅಲ್ಲಿಂದ ಆಲೆಟ್ಟಿಗೆ ಹೋಗುವಾಗ ನಾಗಪಟ್ಟಣದ ಸೇತುವೆಯ ಮೇಲೆ ಪಯಸ್ವಿನಿ ದಾಟುತ್ತೀರಿ. ಅಲ್ಲಿಗೆ ದೃಶ್ಯವೂ ಬದಲು. ಉತ್ತರದ ರಸ್ತೆ ಪದವುಗಳದ್ದಾದರೆ ದಕ್ಷಿಣದ್ದು ರಬ್ಬರಿನದ್ದು, ನೆರಳಿನದ್ದು. ಕೋಲ್ಚಾರು ಕಳೆದು ಗಡಿ ದಾಟಿ ಬಂದಡ್ಕಕ್ಕೆ ಬರುವ ಹಾದಿ ಕಿರಿದು. ಡಾಮರು ಕೆಲವೆಡೆ ಹಳೆಯದು, ಆದರೆ ವಾಹನ ಕಡಿಮೆ. 2020ರ ಮಾರ್ಚಿನಲ್ಲಿ ಕೊರೊನಾದ ಹೆಸರಿನಲ್ಲಿ ಇಂಥ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಎರಡೂ ಬದಿಯ ಮನೆಗಳಲ್ಲಿ ಒಂದೇ ಮಾತು, ಒಂದೇ ನಂಟಸ್ತಿಕೆ ಇರುವುದನ್ನು ಸೈಕಲಿನ ವೇಗದಲ್ಲಿ ಹೋಗುವವರು ಚೆನ್ನಾಗಿ ಕಾಣಬಲ್ಲರು. ಬಂದಡ್ಕದ ಒಂದು ಚಹಾ ಅಂಗಡಿಯಲ್ಲಿ ಕನ್ನಡ, ತುಳು, ಮಲಯಾಳ, ಅರೆಭಾಷೆ, ಮರಾಟಿ ಎಲ್ಲವೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ದಾರಿ ಕೇಳಲು ಭಾಷೆಯ ಚಿಂತೆ ಬೇಡ.

ಬಂದಡ್ಕದಿಂದ ಪೊಯಿನಾಚಿಯವರೆಗೆ ಏರಿಳಿತ ನಿಲ್ಲುವುದಿಲ್ಲ, ದಿನದ ಕೊನೆಯಾದ್ದರಿಂದ ಪ್ರತಿಯೊಂದು ಏರೂ ಒಂದಂಗುಲ ಎತ್ತರವಾಗಿ ತೋರುತ್ತದೆ. ಇಲ್ಲಿಗೆ ಶಕ್ತಿ ಉಳಿಸಿಕೊಂಡವರಿಗೆ ಮಾತ್ರ ಈ ಸುತ್ತು ಸುಖ. ಪೊಯಿನಾಚಿಯಲ್ಲಿ ಹೆದ್ದಾರಿ 66 ಸಿಗುತ್ತದೆ. ಷಟ್ಪಥದ ಮುಖ್ಯ ರಸ್ತೆಗೆ ಇಳಿಯಬೇಡಿ, ಸರ್ವಿಸ್ ರಸ್ತೆಯಲ್ಲೇ ಚಟ್ಟಂಚಾಲ್ ತನಕ ಬಂದು, ತೆಕ್ಕಿಲ್‌ನಲ್ಲಿ ಕೊನೆಯ ಬಾರಿಗೆ ಚಂದ್ರಗಿರಿ ದಾಟಿ ಚೆರ್ಕಳ ಸೇರಿ. ತೆಕ್ಕಿಲ್, ಬೇವಿಂಜದ ಆಸುಪಾಸಿನಲ್ಲಿ ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ, ಆ ತಿಂಗಳುಗಳಲ್ಲಿ ಅತ್ತ ಸುಳಿಯಬೇಡಿ. ಇನ್ನೂ ಕಾಲಿನಲ್ಲಿ ಕಸುವಿದ್ದರೆ ತೆಕ್ಕಿಲ್‌ಗೆ ಹೋಗುವ ಬದಲು ಹೆದ್ದಾರಿಯನ್ನು ದಾಟಿ ಕರಾವಳಿಗೆ ಇಳಿದು, ಶಿವಪ್ಪ ನಾಯಕ ಕಟ್ಟಿಸಿದ ಚಂದ್ರಗಿರಿ ಕೋಟೆಯ ಕಡೆಯಿಂದ, ಹೊಳೆ ಕಡಲಿಗೆ ಸೇರುವ ಜಾಗ ನೋಡಿಕೊಂಡು ಪಟ್ಟಣಕ್ಕೆ ಬರಬಹುದು.

ಈಗ ಸೈಕಲಿನ ಮಾತು. ನಿಮ್ಮಲ್ಲಿರುವ ಗಿಯರನ್ನು ಎಣಿಸಿ ನೋಡಿ. ಮುಂದಿನ ಚಿಕ್ಕ ಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡದರಲ್ಲಿ 25 ಇದ್ದರೆ, ನಿಮಿಷಕ್ಕೆ ಅರುವತ್ತು ಸುತ್ತು ತುಳಿದಾಗ ಸೈಕಲ್ ಗಂಟೆಗೆ ಹತ್ತು ಕಿಲೋಮೀಟರಿಗೂ ತುಸು ಹೆಚ್ಚು ಓಡಲೇಬೇಕು. ಶೇಕಡಾ 10ರ ಏರಿನಲ್ಲಿ, ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ತೂಕವೆಂದಿಟ್ಟುಕೊಂಡರೆ, ಅದಕ್ಕೆ ಸುಮಾರು 240 ವಾಟ್ ಬೇಕು. ನಮ್ಮ ನಿಮ್ಮಂಥವರ ಕಾಲಿನಿಂದ ಅದು ಕೆಲವೇ ನಿಮಿಷ ಹೊರಡುವ ಶಕ್ತಿ. ಹಿಂದಿನ ಕ್ಯಾಸೆಟ್ಟನ್ನು, ಅಂದರೆ ಹಲ್ಲುಚಕ್ರಗಳ ಗೊಂಚಲನ್ನು, 32 ಹಲ್ಲಿನದಕ್ಕೆ ಬದಲಿಸಿದರೆ ಅದೇ ಅರುವತ್ತು ಸುತ್ತಿಗೆ ವೇಗ ಎಂಟಕ್ಕೆ ಇಳಿಯುತ್ತದೆ, ಶಕ್ತಿ 185 ವಾಟಿಗೆ. ಹತ್ತು ಸಲ ಮುಳ್ಳೇರಿಯಾಕ್ಕೆ ತುಳಿದು ಗಳಿಸುವುದಕ್ಕಿಂತ ಹೆಚ್ಚಿನ ಲಾಭ ಈ ಒಂದು ಬದಲಾವಣೆಯಲ್ಲಿದೆ. 34 ಹಲ್ಲಿನದು ಹಿಡಿಸುವುದಾದರೆ ಇನ್ನೂ ಒಳ್ಳೆಯದು. ಸರಪಳಿಯನ್ನು ಗಿಯರಿನಿಂದ ಗಿಯರಿಗೆ ದಾಟಿಸುವ ನಿಮ್ಮ ಹಿಂದಿನ ಡಿರೇಲರ್ ಎಷ್ಟು ದೊಡ್ಡದನ್ನು ತಾಳುತ್ತದೆಂದು ಮೊದಲು ಮೆಕ್ಯಾನಿಕ್ ಬಳಿ ಕೇಳಿ, ಸರಪಳಿಯ ಉದ್ದವೂ ಬದಲಾಗಬೇಕಾಗುತ್ತದೆ. ದುಬಾರಿ ಕಾರ್ಬನ್ ಚಕ್ರಗಳನ್ನು ಮಾರಲು ಬರುವವರಿಗೆ ಬೆನ್ನು ತೋರಿಸಿ, ಈ ನೆಲದಲ್ಲಿ ಕ್ಯಾಸೆಟ್ ಮೊದಲು, ಟಯರ್ ಆಮೇಲೆ, ಉಳಿದದ್ದೆಲ್ಲ ಶೋಕಿ.

ಟಯರ್ 28 ಮಿಲಿಮೀಟರಿನದಾದರೂ ಇರಲಿ, ಜಾಗವಿದ್ದರೆ 32. ನೂರು ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿಸುವ ಹಳೆಯ ಚಟ ಬಿಡಿ. ನಿಮ್ಮ ತೂಕ ಎಪ್ಪತ್ತೈದು ಕಿಲೋ ಆಸುಪಾಸಾದರೆ 28ರ ಟಯರಿಗೆ ಎಪ್ಪತ್ತರ ಹತ್ತಿರ ಸಾಕು. ಮುರಕಲ್ಲಿನ ಹುಡಿ ಚೆಲ್ಲಿದ ತಿರುವುಗಳಲ್ಲಿ ಮೆತ್ತನೆಯ ಟಯರೇ ನೆಲ ಹಿಡಿಯುವುದು. ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿಯಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು, ತಿರುಗಿ. ರಿಮ್ ಬ್ರೇಕಿನ ಸೈಕಲಾದರೆ ಒದ್ದೆಯಲ್ಲಿ ನಿಲ್ಲಲು ಹೆಚ್ಚು ದೂರ ಬೇಕು. ಕೆಂಪು ಕೆಸರು ಬ್ರೇಕಿನ ರಬ್ಬರಿಗೆ ಅಂಟಿ ರಿಮ್ಮನ್ನೇ ಉಜ್ಜಿ ತೆಗೆಯುತ್ತದೆ, ಮನೆಗೆ ಬಂದ ಕೂಡಲೇ ತೊಳೆಯಿರಿ.

ಕಾಲದ ವಿಷಯದಲ್ಲಿ ಯಕ್ಷಗಾನ ಮೇಳಗಳ ಹಾಗೆ ನಡೆದುಕೊಳ್ಳಿ: ದೀಪಾವಳಿಯ ಹೊತ್ತಿಗೆ ತಿರುಗಾಟ ಹೊರಟು ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಗೆಜ್ಜೆ ಬಿಚ್ಚುವುದು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ನಿಜ ಹೇಳಬೇಕೆಂದರೆ ಮಾರ್ಚ್ ಬಂದ ಮೇಲೆ ಸೆಕೆಗೆ ನೂರು ಕಿಲೋಮೀಟರಿನ ಸುತ್ತು ಬೇಡ, ಬೆಳಗಿನ ನಲವತ್ತು ಸಾಕು. ಮಳೆಗಾಲದ ಕೊನೆಗೆ ಒಂದು ವಿನಾಯಿತಿ ಕೊಡುತ್ತೇನೆ. ಓಣಂ ಹೊತ್ತಿಗೆ ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಅನಂತಪುರದಂಥ ಪಾರೆಗಳ ಮೇಲೆ ನೀಲಿ ಹೂವು ಹಾಸಿರುತ್ತದೆ. ಮಲಯಾಳದವರು ಕಾಕ್ಕಪ್ಪೂ ಎಂದು ಕರೆದು ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಹಾಕುವ ಈ ಪುಟ್ಟ ಗಿಡ ನೀರಿನಲ್ಲಿ ಹುಳ ಹಿಡಿದು ಬದುಕುತ್ತದೆ. ಹತ್ತು ಹದಿನೈದು ಕಿಲೋಮೀಟರಿನ ಸಣ್ಣ ಸವಾರಿಗೆ ಅದು ಸಾಕಷ್ಟು ಕಾರಣ. ನೀರು ಎರಡು ಬಾಟಲಿ ಇರಲಿ. ಸಿಕ್ಕಲ್ಲೆಲ್ಲ ಉಪ್ಪು ಹಾಕಿದ ಮಜ್ಜಿಗೆ ಅಥವಾ ಪುನರ್ಪುಳಿ ಶರಬತ್ತು ಕುಡಿಯಿರಿ. ನಮ್ಮ ಹವೆಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಸುರಿಯುತ್ತದೆ, ಅದರ ಜೊತೆ ಉಪ್ಪೂ ಹೋಗುತ್ತದೆ.

ಇನ್ನು ನಿಮ್ಮ ರಾಣಿಪುರ. ಎರಡು ದಡದ ಸುತ್ತನ್ನು ನಗುನಗುತ್ತಾ ಮುಗಿಸಿದವರು ಹೋಗಬಹುದು. ಕಾಞಂಗಾಡಿನಿಂದ ಅಂಬಲತ್ತರ, ಒಡಯಂಚಾಲ್, ರಾಜಪುರಂ, ಕೋಳಿಚ್ಚಾಲ್ ಮೂಲಕ ಪನತ್ತಡಿಯವರೆಗೆ ಒಳ್ಳೆಯ ರಸ್ತೆ. ಅಲ್ಲಿಂದ ತಿರುಗಿ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸುಮಾರು 750 ಮೀಟರ್ ಎತ್ತರಕ್ಕೆ ಏರಬೇಕು. ಇಲ್ಲಿ ಇಳಿದು ಸುಧಾರಿಸಿಕೊಳ್ಳುವ ತೋಡುಗಳಿಲ್ಲ, ಏರೆಂದರೆ ಏರೇ. ಕಡಿದಾದ ತಿರುವುಗಳಲ್ಲಿ ಹೊರಅಂಚಿನಿಂದ ತುಳಿಯಿರಿ, ಒಳಅಂಚು ಅರ್ಧ ಗೋಡೆಯಂತಿರುತ್ತದೆ. ಎದುರಿನಿಂದ ವಾಹನ ಬರುತ್ತಿದ್ದರೆ ಆ ಆಸೆ ಬಿಟ್ಟು ಇಳಿದು ನೂಕಿ. ನೂಕುವುದರಲ್ಲಿ ಅವಮಾನವಿಲ್ಲ. ಮೇಲೆ ಹುಲ್ಲುಗಾವಲಿನ ಬೆಟ್ಟಕ್ಕೆ ಅರಣ್ಯ ಇಲಾಖೆಯ ಟಿಕೆಟ್ ಪಡೆದು ನಡೆದು ಹೋಗಬೇಕು.

ಸುಳ್ಯದಿಂದ ಬಡ್ಡಡ್ಕ, ಕಲ್ಲಪಳ್ಳಿಯ ಮೂಲಕ ಪಾಣತ್ತೂರಿಗೆ ಇಳಿಯುವ ಇನ್ನೊಂದು ದಾರಿ ನಕ್ಷೆಯಲ್ಲಿ ಕಂಡು ನಿಮಗೆ ಆಸೆಯಾಗಬಹುದು. ಕಲ್ಲಪಳ್ಳಿ ಕನ್ನಡ ಮಾತನಾಡುವ ಚಂದದ ಊರು. ಆದರೆ ಪಾಣತ್ತೂರಿನ ಮುನ್ನ ಪರಿಯಾರದ ಇಳಿಜಾರು ಕೆಟ್ಟದ್ದು. 2021ರ ಜನವರಿಯಲ್ಲಿ ಮದುವೆ ದಿಬ್ಬಣದ ಬಸ್ಸು ಅಲ್ಲಿ ನಿಯಂತ್ರಣ ತಪ್ಪಿ ಮನೆಯೊಂದರ ಮೇಲೆ ಉರುಳಿ ಹಲವರು ಪ್ರಾಣ ಕಳೆದುಕೊಂಡರು. ಅದನ್ನು ಏರುವ ದಾರಿಯಾಗಿ ಬಳಸಿ, ಇಳಿಯುವ ದಾರಿಯಾಗಿ ಬೇಡ.

ಪಾಣತ್ತೂರು, ಕರಿಕೆ, ಭಾಗಮಂಡಲ ಹಾದಿ ಒಂದು ದಿನದ ಹೋಗಿಬರುವ ಸವಾರಿಯಲ್ಲ. ಕರಿಕೆಯ ನಂತರ ಅಂಗಡಿಗಳು ಮುಗಿದು ಘಟ್ಟದ ಕಾಡು ಶುರುವಾಗುತ್ತದೆ. ಮಳೆಗಾಲದಲ್ಲಿ ಕಿತ್ತುಹೋಗುವ ರಸ್ತೆ, ಆನೆಯ ಸಂಚಾರ ಎರಡೂ ಇವೆ. ಇಬ್ಬರು ಮೂವರು ಜೊತೆಯಾಗಿ, ಟ್ಯೂಬು ಎರಡೆರಡು ಇಟ್ಟುಕೊಂಡು, ಮಧ್ಯಾಹ್ನದೊಳಗೆ ಭಾಗಮಂಡಲ ಸೇರುವ ಲೆಕ್ಕದಲ್ಲಿ ಹೊರಡಿ. ಅದಕ್ಕಾಗಿ ಹಿಂದಿನ ರಾತ್ರಿ ಪಾಣತ್ತೂರಿನ ಕಡೆಯೇ ಉಳಿಯುವುದು ಮೇಲು. ಭಾಗಮಂಡಲದಲ್ಲಿ ತಂಗಿ ಮರುದಿನ ಮಡಿಕೇರಿಗೆ ಹೋಗಿ ಸಂಪಾಜೆ ಘಾಟಿಯಲ್ಲಿ ಇಳಿಯಬಹುದು. ಆ ಹೆದ್ದಾರಿ 2018ರ ಆಗಸ್ಟಿನ ಭೂಕುಸಿತದಲ್ಲಿ ಅನೇಕ ಕಡೆ ಜರಿದದ್ದು, ತಡೆಗೋಡೆಗಳ ಬಳಿ ಡಾಮರು ಈಗಲೂ ಸಮವಿಲ್ಲದೆ ಇರಬಹುದು, ಕಣ್ಣು ನೆಲದ ಮೇಲಿರಲಿ. ಸಂಪಾಜೆ ಕಳೆದು ಅರಂತೋಡಿನ ಕಡೆಗೆ ಬರುವಾಗ, ಕೆಳಗೆ ನಮ್ಮಲ್ಲಿ ಎಲ್ಲಿಯೂ ಮಾಡದ ಕೆಲಸವನ್ನು ಪಯಸ್ವಿನಿ ಅಲ್ಲಿ ಮಾಡುತ್ತದೆ: ರಸ್ತೆಯ ಮಗ್ಗುಲಲ್ಲೇ ಹರಿಯುತ್ತದೆ. ಇಳಿಜಾರು ಸೌಮ್ಯ, ಕಾಲು ಬಿಟ್ಟರೂ ಸೈಕಲ್ ಓಡುತ್ತದೆ. ಸುಳ್ಯದಲ್ಲಿ ಊಟಕ್ಕೆ ಒಂದೂವರೆಯೊಳಗೆ ತಲುಪಿದರೆ ಬಂದಡ್ಕದ ದಾರಿಗೆ ಬೆಳಕು ಸಾಕಾಗುತ್ತದೆ, ತಡವಾದರೆ ಜಾಲ್ಸೂರಿನ ಕಡೆಯ ಕಾಡು ನೆನಪಿಟ್ಟುಕೊಂಡು ಸುಳ್ಯದಲ್ಲೇ ಇನ್ನೊಂದು ರಾತ್ರಿ ಉಳಿಯಿರಿ.